ದಿಗ್ವ್ರತವೂ ಮೋಟಾರ್ ಸೈಕಲ್ಲೂ

ಶ್ರಾವಕನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವನ್ನು ಇಂದು ಬಹುಮಂದಿ ಹೆಸರಿನಿಂದಷ್ಟೇ ಬಲ್ಲರು. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದವರೆಗೆ ಮಾತ್ರ ತನ್ನ ವ್ಯವಹಾರ, ಅದರಾಚೆಗೆ ಇಲ್ಲ ಎಂದು ನದಿ, ಬೆಟ್ಟ, ನಾಡುಗಳನ್ನು ಗುರುತಾಗಿಟ್ಟುಕೊಂಡು ಬಾಳಿನುದ್ದಕ್ಕೂ ಎಲ್ಲೆ ಕಟ್ಟಿಕೊಳ್ಳುವುದೇ ಆ ವ್ರತ. ಕಾಲ್ನಡಿಗೆಯ, ಎತ್ತಿನ ಗಾಡಿಯ ಕಾಲದಲ್ಲಿ ಇದರ ಪಾಲನೆಗೆ ದೇಹದ ದಣಿವೇ ಅರ್ಧ ನೆರವಾಗುತ್ತಿತ್ತು. ಯಂತ್ರವಾಹನ ಬಂದ ಮೇಲೆ ಆ ನೆರವು ತಪ್ಪಿತು. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ನೆಲೆಸಿದ್ದ ಕೊಬ್ಬರಿ ವರ್ತಕರೊಬ್ಬರು ಈ ವ್ರತವನ್ನೂ ಮೋಟಾರ್ ಸೈಕಲ್ಲನ್ನೂ ಹಲವು ದಶಕಗಳ ಕಾಲ ಒಟ್ಟಿಗೆ ಇಟ್ಟುಕೊಂಡು ಬಾಳಿದವರು. ಅವರ ಮನೆಯ ಮುಂದೆ ಒಂದಾದ ಮೇಲೊಂದರಂತೆ ಬಂದು ನಿಂತ ವಾಹನಗಳ ವೃತ್ತಾಂತ ವಾಚಕರಿಗೆ ಅನುಪಯುಕ್ತವಾಗಲಾರದು.

ತಿಪಟೂರು ಸೀಮೆಯ ಕೊಬ್ಬರಿ ವ್ಯಾಪಾರ ಅಂಗಡಿಯಲ್ಲಿ ಕುಳಿತು ಮಾಡುವಂಥದಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುವಂತಾದ ಮೇಲೆ ಸುಲಿದು ಒಡೆದು ತೆಗೆಯುವ ಉಂಡೆ ಕೊಬ್ಬರಿ ತಿಪಟೂರಿನ ಹೆಸರನ್ನು ಉತ್ತರ ಭಾರತದವರೆಗೂ ಒಯ್ದಿದೆ. ಕೊಳ್ಳುವವನು ತೋಟದ ಮನೆಗೇ ಹೋಗಿ, ಅಟ್ಟ ಹತ್ತಿ, ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಬೇಕು. ಆ ತೋಟದ ಮನೆಗಳಿಗೆ ಇದ್ದದ್ದು ಬಂಡಿಜಾಡು. ಕಬ್ಬಿಣದ ಪಟ್ಟಿ ತೊಡಿಸಿದ ಮರದ ಗಾಲಿಗಳು ಕೊರೆದ ಎರಡು ಆಳವಾದ ಗೆರೆಗಳು, ನಡುವೆ ಹುಲ್ಲು ಬೆಳೆದ ದಿಣ್ಣೆ, ಇಕ್ಕೆಲಗಳಲ್ಲಿ ಕತ್ತಾಳೆಯ ಬೇಲಿ. ದುರ್ಗಮವಾದ ದಾರಿಗೆಂದೇ ತಯಾರಾಗುವ ಮೋಟಾರ್ ಸೈಕಲ್ಲನ್ನು ಇಂದಿನ ಯುವಕರು ಟ್ರೇಲ್ ಬೈಕ್ ಎನ್ನುತ್ತಾರೆ. ಆ ಹೆಸರು ಈ ಕಡೆಗೆ ಬರುವುದಕ್ಕೆ ಬಹಳ ಮೊದಲೇ ಅಂಥ ದಾರಿಗಳು ಇಲ್ಲಿ ಇದ್ದವು. ಅವುಗಳ ಮೇಲೆ ಓಡಿದ ವಾಹನಗಳು ಮಾತ್ರ ಸಾಧಾರಣವಾದವು.

ವರ್ತಕರ ಮೊದಲ ವಾಹನ ಜಾವಾ. 1967ರಲ್ಲಿ ಕೊಂಡದ್ದು, ಅದೂ ಎರಡನೆಯ ಕೈಯದು. ಜೆಕೊಸ್ಲೊವಾಕಿಯದ ವಿನ್ಯಾಸವನ್ನು ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸುತ್ತಿದ್ದ 250 ಸಿ.ಸಿ.ಯ ಎರಡು ಸೈಲೆನ್ಸರಿನ ಗಾಡಿ ಅದು. ಎಡಗಾಲಿನ ಒಂದೇ ಸಲಾಕೆಯನ್ನು ಮೇಲಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಹೊರಡುತ್ತಿತ್ತು. ಕೆಳಗಿಳಿಸಿದರೆ ಅದೇ ಗೇರಿನ ಸಲಾಕೆಯಾಗುತ್ತಿತ್ತು. ಇದನ್ನು ನೋಡಲೆಂದೇ ತೋಟದ ಮನೆಗಳ ಮಕ್ಕಳು ಅವರು ಹೊರಡುವವರೆಗೂ ಕಾದು ನಿಲ್ಲುತ್ತಿದ್ದರಂತೆ. ಸರಪಳಿಗೆ ಪೂರ್ತಿ ಮುಚ್ಚಳವಿದ್ದುದರಿಂದ ಮಣ್ಣು ತಾಗುತ್ತಿರಲಿಲ್ಲ. ಆದರೆ ಅಗಲವಾದ ಮಡ್‌ಗಾರ್ಡಿನೊಳಗೆ ಮಳೆಗಾಲದ ಕೆಸರು ಗಿಡಿದುಕೊಂಡು ಚಕ್ರವೇ ತಿರುಗದಂತಾಗುತ್ತಿತ್ತು. ಅದಕ್ಕಾಗಿ ಸೀಟಿನ ಪಕ್ಕದಲ್ಲಿ ಒಂದು ಬಿದಿರುಕಡ್ಡಿ ಸದಾ ಇರುತ್ತಿತ್ತು. ಸೈಲೆನ್ಸರಿನಲ್ಲಿ ಮಸಿ ಕಟ್ಟಿದಾಗ ಅದನ್ನು ಬಿಚ್ಚಿ ತೆಂಗಿನ ಚಿಪ್ಪಿನ ಕೆಂಡದಲ್ಲಿ ಸುಡುತ್ತಿದ್ದರು. ಚಿಪ್ಪಿಗೆ ಈ ಸೀಮೆಯಲ್ಲಿ ಬರವೆಲ್ಲಿ?

ಬಂಡಿಜಾಡಿನಲ್ಲಿ ಓಡಿಸುವುದಕ್ಕೆ ಒಂದು ಕ್ರಮವುಂಟು. ಒಮ್ಮೆ ಗೆರೆಯೊಳಗೆ ಚಕ್ರ ಇಳಿದರೆ ಹ್ಯಾಂಡಲ್ಲನ್ನು ತಿರುಗಿಸಹೋಗಬಾರದು, ತಿರುಗಿಸಿದವನು ಬಿದ್ದ. ಎದುರಿಗೆ ಗಾಡಿಯೋ ದನವೋ ಬಂದರೆ ಎಂಜಿನ್ ನಿಲ್ಲಿಸಿ, ವಾಹನವನ್ನು ಎತ್ತಿ ದಿಣ್ಣೆಗಿಟ್ಟು ದಾರಿ ಬಿಡಬೇಕು. ಎತ್ತುಗಳು ಸದ್ದಿಗೆ ಬೆದರುತ್ತಿದ್ದುದರಿಂದ ಗಾಡಿ ಮರೆಯಾಗುವವರೆಗೂ ಅವರು ಮತ್ತೆ ಒದೆಯುತ್ತಿರಲಿಲ್ಲ. ಹೀಗೆ ನಿಂತಾಗಲೆಲ್ಲ ಗಾಡಿಯವನೊಡನೆ ಮಾತಾಗುತ್ತಿತ್ತು. ಯಾವ ಅಟ್ಟದಲ್ಲಿ ಕಾಯಿ ಹದಕ್ಕೆ ಬಂದಿದೆ, ಯಾರ ಮನೆಯಲ್ಲಿ ಮದುವೆಗೆ ಹಣ ಬೇಕಾಗಿದೆ ಎಂಬುದೆಲ್ಲ ತಿಳಿದದ್ದು ಆ ನಿಲುಗಡೆಗಳಲ್ಲೇ. ಮದುವೆಗೆ ಹಣ ಬೇಕಾದವನ ಕೊಬ್ಬರಿಯನ್ನು ಕಡಿಮೆ ಬೆಲೆಗೆ ಕೇಳಬಹುದೆಂಬ ಆಸೆ ವರ್ತಕನಿಗೆ ಹುಟ್ಟುವುದೂ ಅಲ್ಲೇ. ಅವರಿಗೂ ಹುಟ್ಟುತ್ತಿತ್ತೆಂದು ಅವರೇ ಹೇಳುತ್ತಿದ್ದರು.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಅಳತೆ ಮೀರಿ ಹೇರಬಾರದೆಂಬುದನ್ನು ಮನಗಂಡವರೂ ಯಂತ್ರದ ಮೇಲೆ ಹೇರುವಾಗ ಆಲೋಚಿಸುವುದಿಲ್ಲ, ಯಂತ್ರಕ್ಕೆ ನೋವಿಲ್ಲವಷ್ಟೆ. 1971ರ ಮಳೆಗಾಲದಲ್ಲಿ ಜಾವಾದ ಹಿಂದೆ ಕೊಬ್ಬರಿ ಚೀಲವೊಂದನ್ನು ಕಟ್ಟಿ, ಅದರ ಮೇಲೆ ಕಾಯಿ ಸುಲಿಯುವ ಆಳನ್ನು ಕೂರಿಸಿಕೊಂಡು ಬರುತ್ತಿದ್ದಾಗ ಗಾಡಿ ಜಾಡಿನಲ್ಲಿ ಮಗುಚಿ ಆತನ ಬಲಗೈ ಮುರಿಯಿತು. ಕಾಯಿ ಸುಲಿಯುವವನಿಗೆ ಬಲಗೈಯೆಂದರೆ ಏನೆಂದು ಹೇಳಬೇಕಿಲ್ಲ. ಕೈ ಕೂಡುವವರೆಗೆ ಆತನ ದಿನಗೂಲಿ ಮನೆಗೆ ಹೋಯಿತು. ಅಂದಿನಿಂದ ವರ್ತಕರು ಮೋಟಾರ್ ಸೈಕಲ್ಲಿನಲ್ಲಿ ಮಾಲು ಸಾಗಿಸಲಿಲ್ಲ. ಮಾಲು ಗಾಡಿಯಲ್ಲಿ, ಮಾತು ಮಾತ್ರ ಬೈಕಿನಲ್ಲಿ ಎಂಬುದು ಅವರ ಮನೆಯ ನಿಯಮವಾಯಿತು. ಗಾಡಿಬಾಡಿಗೆಯ ಖರ್ಚು ಏರಿತೆಂದು ಪಾಲುದಾರರು ಗೊಣಗಿದ್ದುಂಟು.

1974ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವ ದೇಶದಾದ್ಯಂತ ಆರಂಭವಾದಾಗ ಅನೇಕ ಗೃಹಸ್ಥರು ಒಂದಲ್ಲ ಒಂದು ವ್ರತ ಸ್ವೀಕರಿಸಿದರು. ವರ್ತಕರು ಆಯ್ದುಕೊಂಡದ್ದು ದಿಗ್ವ್ರತ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಹೊರಗೆ ವ್ಯಾಪಾರಕ್ಕಾಗಿ ಕಾಲಿಡುವುದಿಲ್ಲ ಎಂದು ಎಲ್ಲೆ ಗೊತ್ತುಮಾಡಿಕೊಂಡರು. ಮಾಲು ಉತ್ತರಕ್ಕೆ ಹೋಗುತ್ತದಲ್ಲ, ಅದು ಎಲ್ಲೆಯ ಉಲ್ಲಂಘನೆಯಲ್ಲವೆ ಎಂದು ತರ್ಕಿಸುವವರೂ ಇದ್ದರು. ತಾವು ಮಾರುವುದು ತಿಪಟೂರಿನ ಮಾರುಕಟ್ಟೆ ಅಂಗಳದ ಹರಾಜಿನಲ್ಲಿ, ಅಲ್ಲಿಂದಾಚೆಗಿನದು ಕೊಂಡವರ ವ್ಯವಹಾರ ಎಂದು ಅವರು ಉತ್ತರಿಸುತ್ತಿದ್ದರು. ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗದಿದ್ದರೂ ಅಪ್ರಾಮಾಣಿಕವೆನ್ನಲಾಗದು.

ವ್ರತಕ್ಕೆ ನಿಜವಾದ ಪರೀಕ್ಷೆ ಬಂದದ್ದು ಯೆಜ್ಡಿಯ ಮೂಲಕ. ಮೈಸೂರಿನ ಅದೇ ಕಾರ್ಖಾನೆ 1973ರಿಂದ ತನ್ನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಿಟ್ಟಿತ್ತು. ವರ್ತಕರು 1979ರಲ್ಲಿ ಹೊಸ ಯೆಜ್ಡಿಯನ್ನೇ ತಂದರು. ಅಷ್ಟರಲ್ಲಿ ಟೈರಿನ ಗಾಡಿಗಳು ಬಂದು ಬಂಡಿಜಾಡಿನ ಆಳ ತಗ್ಗಿತ್ತು. ಮರದ ಗಾಲಿಯಂತೆ ಟೈರು ನೆಲವನ್ನು ಕೊರೆಯುವುದಿಲ್ಲ. ಮೊದಲು ಒಂದು ಹೊತ್ತು ಹಿಡಿಯುತ್ತಿದ್ದ ದಾರಿ ಈಗ ಅರ್ಧ ಗಂಟೆಯದಾಯಿತು. ದಿಗ್ವ್ರತದ ಅತಿಚಾರಗಳಲ್ಲಿ ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸುವುದನ್ನು ಕ್ಷೇತ್ರವೃದ್ಧಿಯೆಂದೂ, ಕಟ್ಟಿಕೊಂಡ ಎಲ್ಲೆಯನ್ನೇ ಮರೆಯುವುದನ್ನು ಸ್ಮೃತ್ಯಂತರಾಧಾನವೆಂದೂ ಹೇಳಿದೆ. ಮೊದಲನೆಯದು ಲೋಭಿಗೆ ಬರುವ ದೋಷ. ಎರಡನೆಯದು ವೇಗವಾಗಿ ಹೋಗುವ ಯಾರಿಗೂ ಬರಬಹುದು.

1981ರಲ್ಲಿ ಹಾಗೆಯೇ ಆಯಿತು. ಒಂದು ತೋಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತ ಪಡುವಣ ದಿಕ್ಕಿನ ಒಂದು ಮನೆಯಲ್ಲಿ ಅಟ್ಟ ನೋಡಿ, ದರ ಮಾತಾಡಿ, ಹನ್ನೆರಡು ಕ್ವಿಂಟಲಿಗೆ ಮಾತು ಕೊಟ್ಟಾಗಿತ್ತು. ಮಾತಿನ ನಡುವೆ ರೈತರು ಸಾಲದ ಸಂಗತಿಗೆಂದು ತೆಗೆದ ಪಹಣಿಯ ಮೇಲೆ ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ ಎಂದಿತ್ತು. ನಡೆದು ಹೋಗಿದ್ದರೆ ನಡುವಿನ ಊರಿನಲ್ಲಿ ಒಬ್ಬನಾದರೂ ಮಾತಾಡಿಸಿ ಎಲ್ಲೆಯನ್ನು ನೆನಪಿಸುತ್ತಿದ್ದ. ಯೆಜ್ಡಿ ಯಾರಿಗಾಗಿಯೂ ನಿಂತಿರಲಿಲ್ಲ.

ಮಾಲು ಕೊಳ್ಳುವ ದಿನ ಬರುವುದರೊಳಗೆ ಎರಡು ಹರಾಜುಗಳು ಕಳೆದು ತಿಪಟೂರಿನಲ್ಲಿ ದರ ಇಳಿಯಿತು. ಈಗ ವ್ರತದ ಕಾರಣ ಹೇಳಿ ವ್ಯವಹಾರದಿಂದ ಹಿಂದೆ ಸರಿದರೆ ವ್ರತವೂ ಉಳಿಯುತ್ತಿತ್ತು, ಹಣವೂ ಉಳಿಯುತ್ತಿತ್ತು. ಹತ್ತಿರದ ಪಂಡಿತರೊಬ್ಬರು ಸರಿಯುವುದೇ ಸರಿಯೆಂದರು: ತಪ್ಪಿ ದಾಟಿದ ಎಲ್ಲೆಯನ್ನು ತಿಳಿದ ಮೇಲೆ ಮತ್ತೆ ದಾಟುವುದು ವ್ರತಭಂಗ. ಶಾಸ್ತ್ರದ ಮಾತು ಅದು; ತೆಗೆದುಹಾಕುವಂತಿಲ್ಲ. ಆದರೆ ದರ ಏರಿದ್ದರೆ ಇದೇ ವ್ರತ ಇಷ್ಟು ಬೇಗ ನೆನಪಾಗುತ್ತಿತ್ತೇ ಎಂಬುದು ವರ್ತಕರ ಪ್ರಶ್ನೆ. ಅವರು ಎಲ್ಲೆಯನ್ನು ಮತ್ತೆ ದಾಟಲೂ ಇಲ್ಲ, ಮಾತಿಗೆ ತಪ್ಪಲೂ ಇಲ್ಲ. ಹಣವನ್ನು ಆಡಿದ ದರದಲ್ಲೇ ಕಳಿಸಿ, ಗಾಡಿಗಳನ್ನು ಹೊಂದಿಸಿ ಮಾಲನ್ನು ತರಿಸಿ, ಹರಾಜಿನಲ್ಲಿ ನಷ್ಟಕ್ಕೆ ಮಾರಿದರು. ಆಳನ್ನು ಎಲ್ಲೆಯಾಚೆಗೆ ಕಳಿಸುವುದೂ ದೋಷವೇ ಎಂದು ಪಂಡಿತರು ನೆನಪಿಸಿದಾಗ ಅದಕ್ಕಾಗಿ ಒಂದು ದಿನ ಉಪವಾಸವಿದ್ದರು. ಲೆಕ್ಕದ ಪುಸ್ತಕದಲ್ಲಿ ಆ ಮೊತ್ತವನ್ನು ಧರ್ಮದ ಖಾತೆಗೆ ಬರೆಯಲು ಗುಮಾಸ್ತ ಹೊರಟಾಗ ತಡೆದು, ವ್ಯಾಪಾರ ನಷ್ಟವೆಂದೇ ಬರೆಯಿಸಿದರು. ಇಲ್ಲಿ ಪಂಡಿತರ ತರ್ಕ ಗಟ್ಟಿಯಾದುದು, ವರ್ತಕರ ಲೆಕ್ಕ ಶುದ್ಧವಾದುದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಲೆಕ್ಕದ ಕಡೆಗೇ ಮನಸ್ಸು ವಾಲುತ್ತದೆ. ಇಕ್ಕಟ್ಟಿನಿಂದ ಪಾರಾಗುವ ಕಿಂಡಿಯಾದ ವ್ರತ ವ್ರತವಾಗಿ ಉಳಿಯುವುದು ಕಷ್ಟ.

ಆಮೇಲೆ ಅವರು ಗಡಿಯ ಕಡೆಯ ಊರುಗಳಲ್ಲಿ ಯೆಜ್ಡಿಯನ್ನು ನಿಲ್ಲಿಸಿ, ಎದುರಿಗೆ ಬಂದವರನ್ನು “ಇದು ಯಾವ ತಾಲ್ಲೂಕಪ್ಪಾ?” ಎಂದು ಕೇಳುವುದನ್ನು ರೂಢಿಮಾಡಿಕೊಂಡರು. ಅದೇ ದಾರಿಯಲ್ಲಿ ಹದಿನೈದು ವರ್ಷದಿಂದ ಓಡಾಡುವವರು ಹೀಗೆ ಕೇಳಿದರೆ ಜನ ನಗದೆ ಇರುತ್ತಾರೆಯೆ? ಗಡಿ ಕೇಳುವ ಸಾಹುಕಾರರು ಎಂದು ಹೆಸರೇ ಬಿದ್ದಿತು.

ಇನ್ನೊಂದು ನಿಯಮವೂ ಯೆಜ್ಡಿಯ ಕಾಲದ್ದೇ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಈಸಲುಹುಳುಗಳು ಗಾಡಿಯ ದೀಪಕ್ಕೆ ಮುತ್ತಿ, ಗಾಜಿನ ಮೇಲೆ ಪದರವಾಗಿ ಅಂಟುತ್ತಿದ್ದವು. ಮನೆಗೆ ಬಂದು ಅದನ್ನು ಒರೆಸುವ ಕೆಲಸ ಹೆಂಡತಿಯದಾಗಿತ್ತು. ಒಂದು ರಾತ್ರಿ ಆಕೆ ಬಟ್ಟೆಯನ್ನು ಅವರ ಕೈಗೇ ಕೊಟ್ಟು, “ಊಟ ಹೊತ್ತು ಮುಳುಗುವ ಮುಂಚೆ ಮುಗಿಸ್ತೀರಿ, ಗಾಡಿ ಮಾತ್ರ ರಾತ್ರಿ ಓಡಿಸ್ತೀರಿ. ನೀವೇ ಒರೆಸಿ ನೋಡಿ,” ಎಂದರು. ಮಳೆಗಾಲದ ರಾತ್ರಿ ಓಡಾಟ ಅಲ್ಲಿಗೆ ನಿಂತಿತು.

ಯೆಜ್ಡಿಯ ನಂತರದ ಕಥೆ ಚಿಕ್ಕದು. 1988ರಲ್ಲಿ ಅದನ್ನು ಮಾರುವಾಗ ಕ್ರ್ಯಾಂಕಿನ ಬೇರಿಂಗ್ ಸವೆದಿರುವುದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಿ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದುಕೊಟ್ಟರು. ಕೊಬ್ಬರಿಯಲ್ಲಿ ಕೆಟ್ಟ ಉಂಡೆಯನ್ನು ಬೇರೆ ಇಡುವವನು ಗಾಡಿಯಲ್ಲಿ ಮುಚ್ಚಿಡುವುದು ಹೇಗೆ ಎನ್ನುತ್ತಿದ್ದರು. ಬಂದದ್ದು ಹೀರೊ ಹೋಂಡಾ ಸಿ.ಡಿ. 100, 1985ರಲ್ಲಿ ಮಾರುಕಟ್ಟೆಗೆ ಬಂದ ನಾಲ್ಕು ಸ್ಟ್ರೋಕಿನ ಗಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ತಪ್ಪಿತು, ಎತ್ತು ಬೆದರುವುದು ತಪ್ಪಿತು. ಆದರೆ ಹಳ್ಳದ ಮರಳಿನಲ್ಲಿ ಅದು ಯೆಜ್ಡಿಯಂತೆ ದಾಟುತ್ತಿರಲಿಲ್ಲ. ಇಳಿದು ತಳ್ಳಬೇಕು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಈ ತೋಟಗಳಿಗೂ ಹಬ್ಬಿ ಕಾಯಿ ಸಣ್ಣದಾದಾಗ ಅನೇಕ ಮನೆಗಳ ಮುಂದಿನ ಬೈಕುಗಳು ಮಾರಾಟವಾದವು. ವರ್ತಕರ ವ್ಯಾಪಾರವೂ ಇಳಿದು, ಸಿ.ಡಿ. 100 ಮಾತ್ರ ಉಳಿಯಿತು.

2021ರಲ್ಲಿ ಅವರ ಮೊಮ್ಮಗ ಬೆಂಗಳೂರಿನ ನೌಕರಿಯನ್ನು ಹಾಲ್ಕುರಿಕೆಯ ಮನೆಯಿಂದಲೇ ಮಾಡುತ್ತಿದ್ದ ಕಾಲದಲ್ಲಿ ಹೀರೊ ಎಕ್ಸ್‌ಪಲ್ಸ್ 200 ಅನ್ನು ತಂದನು. 2019ರಲ್ಲಿ ಬಿಡುಗಡೆಯಾದ ಈ ಗಾಡಿ ನಿಜವಾದ ಟ್ರೇಲ್ ಬೈಕು: ಮುಂಚಕ್ರ 21 ಅಂಗುಲ, ನೆಲದಿಂದ ಎಂಜಿನ್ನಿಗೆ 220 ಮಿಲಿಮೀಟರ್ ಅಂತರ, ಸೈಲೆನ್ಸರ್ ಮೇಲಕ್ಕೆ. ತಾತ ಐವತ್ತು ವರ್ಷ ಕಷ್ಟಪಟ್ಟು ದಾಟಿದ ಹಳ್ಳ ಇದಕ್ಕೆ ಲೆಕ್ಕವೇ ಅಲ್ಲ. ಭಾನುವಾರಗಳಂದು ಅವನ ಗೆಳೆಯರೂ ಬಂದು ಸೇರಿ, ಬಂಡಿಜಾಡು ಬಿಟ್ಟು ತೋಟಗಳ ನಡುವೆ, ಬದುಗಳ ಮೇಲೆ ಓಡಿಸತೊಡಗಿದರು. ಒಂದು ಭಾನುವಾರ ಒಂಟಿ ಹೆಂಗಸೊಬ್ಬರು ನೋಡಿಕೊಳ್ಳುತ್ತಿದ್ದ ತೋಟದಲ್ಲಿ ಹನಿ ನೀರಾವರಿಯ ಪೈಪು ನಾಲ್ಕು ಕಡೆ ಒಡೆಯಿತು. ಸುದ್ದಿ ಸಂಜೆಗೆ ಮನೆಗೆ ಮುಟ್ಟಿತು.

“ದಾರಿ ಇಲ್ಲದ ಕಡೆ ಹೋಗೋದಕ್ಕೇ ಈ ಗಾಡಿ ಮಾಡಿರೋದು ತಾತ,” ಎಂದ ಹುಡುಗ.

“ದಾರಿ ಇಲ್ಲದ ಕಡೆ ಯಾರದೋ ತೋಟ ಇರುತ್ತಪ್ಪ,” ಎಂದರು ವರ್ತಕರು. “ಬೆಳಿಗ್ಗೆ ಹೋಗಿ ಬಾ. ಗಾಡಿ ಬೇಡ, ನಡೆದು ಹೋಗು.”

ಹುಡುಗ ಹಣ ತೆಗೆದುಕೊಂಡು ನಡೆದು ಹೋದನು. ಆಕೆ ಹಣ ಮುಟ್ಟಲಿಲ್ಲ. “ದುಡ್ಡಿಗೆ ಪೈಪು ಬರುತ್ತೆ ಮಗಾ, ಕೂರಿಸೋರು ಯಾರು? ಆಳು ಸಿಕ್ಕೋ ಹೊತ್ತಿಗೆ ಗಿಡ ಬಾಡಿರುತ್ತೆ,” ಎಂದರಂತೆ. ತಿಪಟೂರಿಗೆ ಹೋಗಿ ಜಾಯಿಂಟರುಗಳನ್ನು ತಂದು, ಒಡೆದ ಕಡೆ ಕತ್ತರಿಸಿ ಕೂರಿಸಿ, ಪ್ರತಿ ಮರದ ಬುಡಕ್ಕೂ ನೀರು ತೊಟ್ಟಿಕ್ಕುವುದನ್ನು ನೋಡಿ ಅವನು ಹಿಂದಿರುಗಿದಾಗ ಮಧ್ಯಾಹ್ನ ಕಳೆದಿತ್ತು. ದುರ್ಗಮ ದಾರಿಯ ವಾಹನಗಳನ್ನು ಮೆಚ್ಚಿ ಬರೆಯುವವರು ಅವುಗಳ ಸ್ವಾತಂತ್ರ್ಯವನ್ನು ಕೊಂಡಾಡುವುದುಂಟು. ಆ ಸ್ವಾತಂತ್ರ್ಯಕ್ಕೆ ನೆಲ ಒದಗಿಸುವವರ ಹೆಸರು ಅಂಥ ಬರಹಗಳಲ್ಲಿ ಕಾಣುವುದು ಅಪರೂಪ.

ಆ ವಾರ ತಾತ ಮೊಮ್ಮಗ ಇಬ್ಬರೂ ಕುಳಿತು ಒಂದು ಪಟ್ಟಿ ಬರೆದರು. ಯಾವ ಜಾಡು ಯಾರ ತೋಟದ ಮೂಲಕ ಹೋಗುತ್ತದೆ, ಯಾವುದು ಊರಿನ ಬಂಡಿದಾರಿ, ಯಾವುದು ಒಬ್ಬರ ಸ್ವಂತ ಜಾಡು ಎಂಬುದೆಲ್ಲ ಎಂಬತ್ತು ದಾಟಿದ ವರ್ತಕರಿಗೆ ಬಾಯಿಪಾಠವಾಗಿತ್ತು. ಕೆಲವು ಹೆಸರುಗಳ ಎದುರು ಈಗ ಮಕ್ಕಳ ಹೆಸರು ಬರೆಯಬೇಕಾಯಿತು, ಎರಡು ಕಡೆ ಬೆಂಗಳೂರಿನಿಂದ ಬಂದು ಕೊಂಡವರದು. ಪಟ್ಟಿ ಹಿಡಿದು ಹುಡುಗ ಮನೆಮನೆಗೆ ಹೋಗಿ ಅನುಮತಿ ಕೇಳಿದನು. ಹೆಚ್ಚಿನವರು ಕಾಫಿ ಕೊಟ್ಟು ಒಪ್ಪಿದರು. ಮೂವರು ಒಪ್ಪಲಿಲ್ಲ, ಅವರಲ್ಲಿ ಒಬ್ಬರು ಕಾರಣವನ್ನೂ ಹೇಳಲಿಲ್ಲ. ಆ ಮೂರು ತೋಟಗಳು ಬಂದಾಗ ಹುಡುಗರು ಹಿಂದಕ್ಕೆ ತಿರುಗಿ, ಎರಡು ಮೈಲಿ ಸುತ್ತಾದರೂ ಬಂಡಿದಾರಿಯಲ್ಲೇ ಹೋಗುತ್ತಾರೆ.