ಮಹಡಿಯ ಮೇಲಿನ ಬಲ್ಗೇರಿಯ

ಹೊರಮಾವಿನಲ್ಲಿ ಮಹಡಿಯ ಕೋಣೆಯೊಂದನ್ನು ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವ ಕಂಪೆನಿ? ಯಾವ ಊರು? ಮಾಂಸಾಹಾರವುಂಟೇ? 2023ರ ಜನವರಿಯಲ್ಲಿ ನಮ್ಮಲ್ಲಿಗೆ ಬಂದ ಹುಡುಗಿಯ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ಬಂದ ಉತ್ತರವೇ ಉಳಿದೆರಡನ್ನೂ ನುಂಗಿಹಾಕಿತು. "ಬಲ್ಗೇರಿಯ" ಎಂದಳು. ಎಂಬತ್ತೊಂದು ವರ್ಷದ ನಮ್ಮ ತಾಯಿಯವರ ಕಿವಿಗೆ ಅದು ಬಳ್ಳಾರಿಯಂತೆ ಕೇಳಿಸಿತು. "ಬಿಸಿಲಿನ ಊರು. ಆದರೂ ಇಷ್ಟು ಬೆಳ್ಳಗಿದ್ದಾಳಲ್ಲ!" ಎಂದು ಆಶ್ಚರ್ಯಪಟ್ಟರು.

ನಗರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರವನ್ನು ಓದಲು ಸೋಫಿಯದಿಂದ ವಿದ್ಯಾರ್ಥಿ ವಿನಿಮಯದ ಮೇಲೆ ಬಂದವಳು ಅವಳು. ಐದು ತಿಂಗಳ ವಾಸ. ವಿದೇಶೀಯರನ್ನು ಮನೆಯಲ್ಲಿಟ್ಟುಕೊಂಡವರು 24 ಗಂಟೆಗಳೊಳಗೆ ‘ಸಿ’ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದ್ದಿತು. ಅದನ್ನು ತುಂಬುವಾಗಲೇ ಆ ದೇಶದ ಮೊದಲ ಪಾಠ ನಮಗಾಯಿತು. ಕಪ್ಪು ಸಮುದ್ರದ ಪಶ್ಚಿಮ ತೀರದಲ್ಲಿ, ತುರ್ಕಿ, ಗ್ರೀಸ್, ಸೆರ್ಬಿಯ, ರುಮೇನಿಯಗಳ ನಡುವೆ ಇರುವ ನಾಡು. ವಿಸ್ತೀರ್ಣದಲ್ಲಿ ನಮ್ಮ ರಾಜ್ಯದ ಅರ್ಧಕ್ಕಿಂತ ತುಸು ಹೆಚ್ಚು. 2021ರ ಜನಗಣತಿಯಂತೆ ಇಡೀ ದೇಶದ ಜನ ಸುಮಾರು 65 ಲಕ್ಷ. ಬೆಂಗಳೂರೊಂದೇ ಅದನ್ನು ಮೀರಿಸುತ್ತದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಸುಮಾರು 90 ಲಕ್ಷ ಜನರಿದ್ದರಂತೆ. ಉಳಿದವರೆಲ್ಲಿ ಎಂದು ಕೇಳಿದೆ. "ಜನನ ಕಡಮೆ, ಹೊರದೇಶಕ್ಕೆ ಹೋಗುವವರು ಹೆಚ್ಚು. ಹಳ್ಳಿಗಳಲ್ಲಿ ಅಜ್ಜಿಯರು ಮಾತ್ರ ಇದ್ದಾರೆ" ಎಂದಳು. ಅವಳ ಅಜ್ಜಿಯೂ ಅಂಥದೊಂದು ಹಳ್ಳಿಯಲ್ಲಿ, ಸೆರ್ಬಿಯದ ಗಡಿಗೆ ಸಮೀಪದ ತ್ರನ್ ಪ್ರಾಂತದಲ್ಲಿ, ಒಬ್ಬಳೇ ಇದ್ದಳು.

ಮೊದಲ ತೊಡಕು ತಲೆಯಿಂದ ಉಂಟಾಯಿತು. ಬಲ್ಗೇರಿಯದಲ್ಲಿ ಹೌದೆನ್ನಬೇಕಾದರೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾರೆ. ಇಲ್ಲವೆನ್ನಬೇಕಾದರೆ ಗಲ್ಲವನ್ನು ಮೇಲಕ್ಕೆತ್ತಿ ತಗ್ಗಿಸುತ್ತಾರೆ. ಲೋಕದ ಬಹುಪಾಲಿಗೆ ಇದು ವಿಪರೀತ. ನಮಗೆ ಅಷ್ಟು ವಿಪರೀತವೆನಿಸಬೇಕಾದುದಿಲ್ಲ, ಏಕೆಂದರೆ ತಲೆಯನ್ನು ಪಕ್ಕಕ್ಕೆ ಓಲಾಡಿಸಿ ಒಪ್ಪಿಗೆ ಕೊಡುವುದು ನಮ್ಮಲ್ಲಿಯೂ ಉಂಟಷ್ಟೆ. ಆದರೆ ಹೊರದೇಶದಲ್ಲಿ ಹೊರದೇಶದವರಂತೆಯೇ ತಲೆಯಾಡಿಸಬೇಕೆಂದು ಅವಳಿಗೆ ಊರಿನಲ್ಲಿ ಬುದ್ಧಿ ಹೇಳಿ ಕಳುಹಿಸಿದ್ದರು. ಹೀಗಾಗಿ ನೆನಪಿದ್ದಾಗ ಒಂದು ಬಗೆ, ಹಸಿವಾದಾಗ ಇನ್ನೊಂದು ಬಗೆ. ತಾಯಿಯವರು ಎರಡನೆಯ ದೋಸೆಯನ್ನು ಹಿಡಿದು ನಿಂತು, "ಈಗ ಆಡುತ್ತಿರುವುದು ನಿಮ್ಮೂರ ತಲೆಯೋ, ಪರದೇಶದ ತಲೆಯೋ?" ಎಂದು ಕೇಳುತ್ತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು: ನಮ್ಮ ಮನೆಯಲ್ಲಿ ತಲೆ ಸುಮ್ಮನಿರಬೇಕು, ಬಾಯಿ ಮಾತ್ರ ಉತ್ತರ ಹೇಳಬೇಕು, ಅದೂ ಕನ್ನಡದಲ್ಲಿ.

ಕನ್ನಡವನ್ನು ಕಲಿಯುವ ಆಸೆ ಅವಳಿಗೆ ಮೊದಲಿನಿಂದಲೂ ಇದ್ದಿತು. ಕಲಿಸುವವರೇ ಇರಲಿಲ್ಲ. ಬಾಣಸವಾಡಿಯ ಅಂಗಡಿಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ರಿಂಗ್ ರೋಡಿನ 500-ಡಿ ಬಸ್ಸಿನಲ್ಲಿ ಕನ್ನಡದಲ್ಲಿ ಟಿಕೆಟು ಕೇಳಿದರೆ ಪಕ್ಕದವರು ಹಿಂದಿಯಲ್ಲಿ ಸಹಾಯಕ್ಕೆ ಬರುವರು. ಅತಿಥಿಗೆ ಶ್ರಮ ಕೊಡಬಾರದೆಂಬ ನಮ್ಮ ಸೌಜನ್ಯ ಅವಳ ವಿದ್ಯೆಗೆ ಅಡ್ಡಿಯಾಗಿ ನಿಂತಿತು. ಇಡೀ ಬೀದಿಯಲ್ಲಿ ಅವಳೊಡನೆ ಇಂಗ್ಲಿಷ್ ಆಡದ ವಿದ್ಯಾವಂತರೆಂದರೆ ಅದನ್ನು ಅರಿಯದ ನಮ್ಮ ತಾಯಿಯವರೊಬ್ಬರೇ. ಸಂಜೆ ಸೊಪ್ಪು ಬಿಡಿಸುವ ಹೊತ್ತೇ ಪಾಠದ ಹೊತ್ತಾಯಿತು. ಅವಳ ಲಿಪಿಗೆ 30 ಅಕ್ಷರಗಳು. ನಮ್ಮ ವರ್ಣಮಾಲೆಯನ್ನು ಕಂಡು ಮೊದಲು ಹೌಹಾರಿದಳು, ಒತ್ತಕ್ಷರಗಳು ಬಂದಾಗ ಒಂದು ದಿನ ರಜ ಕೇಳಿದಳು. ಆದರೆ ಅಕ್ಷರವನ್ನು ಗೌರವಿಸುವ ನಾಡಿನವಳು. ಅಲ್ಲಿ ಮೇ 24 ಅಕ್ಷರದ ಹಬ್ಬ. ಕಚೇರಿಗಳಿಗೆ ರಜ ಕೊಟ್ಟು, ಲಿಪಿಗೆ ಮೂಲಪುರುಷರಾದ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಂತ ಸೋದರರ ಹೆಸರಿನಲ್ಲಿ ಮೆರವಣಿಗೆ ಹೊರಡಿಸುತ್ತಾರೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಅವಳು ರಸ್ತೆಯ ಬೋರ್ಡುಗಳನ್ನು ಓದುತ್ತ ಬರತೊಡಗಿದಳು. "ಅಜ್ಜಿ, ಹೊರಮಾವು ಎಂದು ಬರೆದಿದ್ದಾರೆ, ಮಾವು ಎಲ್ಲಿ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಪಕ್ಕದ ಮನೆಯ ಕಾಂಪೌಂಡಿನಲ್ಲಿ ಉಳಿದಿದ್ದ ಒಂದೇ ಒಂದು ಮರವನ್ನು ತೋರಿಸಿ ಊರಿನ ಮಾನ ಉಳಿಸಿಕೊಂಡೆವು.

ಮೊಸರಿನ ವಿಷಯದಲ್ಲಿ ಮಾತ್ರ ಅವಳು ಶಿಷ್ಯೆಯಾಗಿರಲು ಒಪ್ಪಲಿಲ್ಲ. ಜನವರಿಯ ಚಳಿಗೆ ನಮ್ಮ ಮನೆಯ ಹಾಲು ಬೆಳಗಿನವರೆಗೆ ಹೆಪ್ಪುಗಟ್ಟದೆ ನೀರು ನೀರಾಗಿರುತ್ತಿದ್ದಿತು. ಒಂದು ರಾತ್ರಿ ಅವಳು ಕೆಳಗಿಳಿದು ಬಂದು, ಹಾಲಿಗೆ ಕಿರುಬೆರಳನ್ನು ಅದ್ದಿ ಬಿಸಿಯನ್ನು ನೋಡಿ, ಹೆಪ್ಪು ಹಾಕಿಸಿ, ಪಾತ್ರೆಗೆ ತನ್ನ ಉಣ್ಣೆಯ ಶಾಲನ್ನೇ ಸುತ್ತಿಟ್ಟಳು. ಬೆರಳದ್ದಿದುದಕ್ಕೆ ತಾಯಿಯವರ ಮುಖ ಸಣ್ಣದಾಯಿತು. ಆದರೆ ಬೆಳಗ್ಗೆ ಚಮಚ ನೆಟ್ಟರೆ ನಿಲ್ಲುವಂಥ ಮೊಸರನ್ನು ಕಂಡ ಮೇಲೆ ಮಡಿಯ ಮಾತು ಬರಲಿಲ್ಲ. ಅವಳ ಅಜ್ಜಿ ಹಾಗೆಯೇ ಗಡಿಗೆಗೆ ಕಂಬಳಿ ಹೊದಿಸುತ್ತಿದ್ದಳಂತೆ.

ಆ ಅಜ್ಜಿಯ ಪ್ರಾಂತದವನೇ ಇನ್ನೊಬ್ಬ ವಿದ್ಯಾರ್ಥಿಯ ಕಥೆಯನ್ನು ಆಗ ಹೇಳಿದಳು. ತ್ರನ್ ಬಳಿಯ ಸ್ತುದೆನ್ ಇಜ್ವೊರ್ ಎಂಬ ಹಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸ್ತಾಮೆನ್ ಗ್ರಿಗೊರೊವ್ ವೈದ್ಯ ವಿದ್ಯೆ ಕಲಿಯಲು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದನು. ಮನೆಯಿಂದ ಅವನ ಜೊತೆಗೆ ಮಣ್ಣಿನ ಗಡಿಗೆಯಲ್ಲಿ ಮೊಸರು ಹೋಯಿತೆಂದು ಅವರಲ್ಲಿ ಹೇಳುತ್ತಾರೆ. ಆ ಮೊಸರನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, 1905ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಹಾಲನ್ನು ಹೆಪ್ಪುಗಟ್ಟಿಸುವ ಕೋಲಿನಾಕಾರದ ಜೀವಾಣುವನ್ನು ಕಂಡುಹಿಡಿದನು. ಮುಂದೆ ಅದಕ್ಕೆ ಅವನ ದೇಶದ ಹೆಸರೇ ಬಂದು ‘ಬಲ್ಗಾರಿಕಸ್’ ಎಂದಾಯಿತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮೆಚ್ನಿಕೊಫ್ ಮೊಸರು ದೀರ್ಘಾಯುಸ್ಸಿಗೆ ಕಾರಣವೆಂದು ಸಾರಿ ಅದನ್ನು ಲೋಕಪ್ರಸಿದ್ಧವಾಗಿಸಿದನು. ತಾಯಿಯವರು ಇದನ್ನೆಲ್ಲ ಕೇಳಿ, "ಪರದೇಶಕ್ಕೆ ಹೋಗುವ ಹುಡುಗನಿಗೆ ಮೊಸರು ಕಟ್ಟಿಕೊಟ್ಟ ಆ ಹೆಂಗಸಿನ ಹೆಸರನ್ನು ಯಾವ ಜೀವಾಣುವಿಗೂ ಇಡಲಿಲ್ಲವೇ?" ಎಂದು ಕೇಳಿದರು.

ಫೆಬ್ರವರಿಯ ಕೊನೆಯಲ್ಲಿ ಅಂಚೆಯಲ್ಲಿ ಒಂದು ಲಕೋಟೆ ಬಂದಿತು. ಒಳಗೆ ಕೆಂಪು ಮತ್ತು ಬಿಳಿಯ ಉಣ್ಣೆಯ ದಾರಗಳನ್ನು ಹೊಸೆದು ಮಾಡಿದ ಕಂಕಣ. ಅದರ ಹೆಸರು ಮಾರ್ತೆನಿತ್ಸ. ಮಾರ್ಚ್ 1ರಂದು ಬಲ್ಗೇರಿಯದ ಜನರು ಒಬ್ಬರಿಗೊಬ್ಬರು ಅದನ್ನು ಕಟ್ಟುತ್ತಾರೆ. ಚಳಿಗಾಲವನ್ನು ಓಡಿಸುವ ಮುದುಕಿಯೊಬ್ಬಳಿದ್ದಾಳೆ, ಅವಳು ಬಾಬಾ ಮಾರ್ತ, ಅವಳ ಪ್ರೀತ್ಯರ್ಥವಾಗಿ. ‘ಬಾಬಾ’ ಎಂದರೆ ಅವರಲ್ಲಿ ಅಜ್ಜಿ! ಗಡ್ಡವಿರುವ ಬಾಬಾಗಳನ್ನಷ್ಟೇ ಕಂಡಿದ್ದ ನಮ್ಮ ಮನೆಯಲ್ಲಿ ಆ ದಿನವೆಲ್ಲ ನಗು. ಕವಲುತೋಕೆ ಹಕ್ಕಿಯೋ ಕೊಕ್ಕರೆಯೋ ಹೂಬಿಟ್ಟ ಮರವೋ ಕಣ್ಣಿಗೆ ಬೀಳುವ ತನಕ ದಾರವನ್ನು ಧರಿಸಿ, ಕಂಡ ಮೇಲೆ ಬಿಚ್ಚಿ ಮರದ ಕೊಂಬೆಗೆ ಕಟ್ಟಬೇಕು. 2017ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹೊರಮಾವಿನಲ್ಲಿ ಇದೊಂದು ಧರ್ಮಸಂಕಟವಾಯಿತು. ಅವರ ನಾಡಿಗೆ ವಸಂತದೊಡನೆ ಬರುವ ಕವಲುತೋಕೆ ನಮ್ಮಲ್ಲಿ ಚಳಿಗಾಲವನ್ನು ಕಳೆಯಲು ಬರುವ ಹಕ್ಕಿ. ಅಗರ ಕೆರೆಯ ಬದಿಯ ವಿದ್ಯುತ್ ತಂತಿಗಳ ಮೇಲೆ ಆಗ ಸಾಲು ಸಾಲಾಗಿ ಕುಳಿತಿದ್ದುವು. ಪಕ್ಕದ ಮನೆಯ ಮಾವು ಹೂವಾಗಿ ಬಹಳ ದಿನವಾಗಿತ್ತು. ನಿಯಮದಂತೆ ಕಟ್ಟಿದ ಕೂಡಲೇ ಬಿಚ್ಚಬೇಕು. ಅವಳು ಕೈಯನ್ನು ಮುಂದೆ ಚಾಚಿಕೊಂಡು ಪೆಚ್ಚಾಗಿ ನಿಂತಳು. ತಾಯಿಯವರು ಪಂಚಾಂಗ ನೋಡಿದ ಶಾಸ್ತ್ರಿಗಳಂತೆ ತೀರ್ಪು ಕೊಟ್ಟರು: "ನಿಮ್ಮೂರಿನ ಹಕ್ಕಿ ನಿಮ್ಮೂರಿಗೆ ಹೋಗುವವರೆಗೆ ದೋಷವಿಲ್ಲ. ಇರಲಿ."

ಮಾರ್ಚ್ ತಿಂಗಳ ನಡುವಿನಲ್ಲಿ ಒಂದು ಬೆಳಗ್ಗೆ ಅವಳ ತಂದೆ ದೂರವಾಣಿಯಲ್ಲಿ ಮಾತನಾಡಿದರು. ಅಜ್ಜಿ ರಾತ್ರಿ ನಿದ್ರೆಯಲ್ಲಿಯೇ ತೀರಿಕೊಂಡಿದ್ದಳು. ಬೆಂಗಳೂರಿನಿಂದ ಸೋಫಿಯಕ್ಕೆ ನೇರ ವಿಮಾನವಿರಲಿಲ್ಲ; ಮರುದಿನವೇ ಮಣ್ಣು ಮಾಡುವುದಿದ್ದಿತು. ಎಷ್ಟು ಅವಸರಪಟ್ಟರೂ ತಲುಪುವಂತಿರಲಿಲ್ಲ. ಆ ಕಾಲದಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರ. ಮರುದಿನ ಮೂರೂವರೆಗೆ, ಅಲ್ಲಿ ನಡುಹಗಲಾದಾಗ, ಮಹಡಿಯ ಕೋಣೆಯಲ್ಲಿ ಅಂಗೈಯಗಲದ ಪರದೆಯ ಮೇಲೆ ಅವಳು ಎಲ್ಲವನ್ನೂ ನೋಡಿದಳು. ಏಳೆಂಟು ಜನ ಸೇರಿದ್ದರಂತೆ, ಎಲ್ಲರೂ ಮುದುಕರು. ಹಿಂದಿನ ದಿನ ಸುದ್ದಿ ಬಂದೊಡನೆಯೇ ತಾಯಿಯವರು ಹಂಡೆಯಲ್ಲಿ ನೀರು ಕಾಯಿಸಿ, "ತಲೆಗೆ ಸ್ನಾನ ಮಾಡು ಮಗಳೇ" ಎಂದಿದ್ದರು. ಅದೇಕೆಂದು ಅವಳು ಕೇಳಲಿಲ್ಲ. ಹೋಗಿ ಮಾಡಿ ಬಂದಳು.

ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಕೆಳಗೆ ಬಂದು ಒಂದು ಮಾತು ಹೇಳಿದಳು. ಅವರ ದೇಶದಲ್ಲಿ ಯಾರಾದರೂ ತೀರಿಕೊಂಡರೆ ಭಾವಚಿತ್ರವಿರುವ ಕಾಗದವೊಂದನ್ನು ಅಚ್ಚು ಹಾಕಿಸಿ ಮನೆಯ ಬಾಗಿಲಿಗೆ, ಬೀದಿಯ ಕಂಬಕ್ಕೆ, ಮರಕ್ಕೆ ಅಂಟಿಸುತ್ತಾರೆ. ನಲವತ್ತನೆಯ ದಿನಕ್ಕೊಂದು, ವರ್ಷಕ್ಕೊಂದು, ಮತ್ತೆ ಹತ್ತು ವರ್ಷವಾದರೂ ಇನ್ನೊಂದು. ಬೆಂಗಳೂರಿಗೆ ಬಂದ ಮೊದಲ ವಾರ ಅವಳಿಗೆ ಇಲ್ಲಿ ಪರಿಚಿತವೆಂದು ತೋರಿದ ವಸ್ತು ಒಂದೇ: ಹೊರಮಾವಿನ ಸಿಗ್ನಲ್ಲಿನ ಬಳಿ ಕಂಬಕ್ಕೆ ಕಟ್ಟಿದ್ದ ‘ಕಣ್ಣೀರಿನ ಶ್ರದ್ಧಾಂಜಲಿ’ಯ ಫ್ಲೆಕ್ಸು. "ಅಜ್ಜಿಯ ಬಾಗಿಲಿಗೆ ಅಪ್ಪ ಅಂಟಿಸಿದ್ದಾರೆ. ಆ ಬೀದಿಯಲ್ಲಿ ಮೂರು ಮನೆಗಳಲ್ಲಿ ಮಾತ್ರ ಜನರಿದ್ದಾರೆ. ಓದುವವರು ಯಾರು?" ಎಂದಳು. ತಾಯಿಯವರು ತುಸು ಹೊತ್ತು ಸುಮ್ಮನಿದ್ದು, "ನಮ್ಮ ಗೇಟು ಇದೆಯಲ್ಲ" ಎಂದರು.

ಬರಹವನ್ನು ಅವಳೇ ಕನ್ನಡದಲ್ಲಿ ಬರೆದಳು. ‘ಶ್ರದ್ಧಾಂಜಲಿ’ಯ ಒತ್ತಕ್ಷರಗಳಿಗೆ ಎರಡು ಹಾಳೆ ಖರ್ಚಾಯಿತು. ಕೆಳಗೆ, ‘ನಮ್ಮ ಅಜ್ಜಿ. ಬಲ್ಗೇರಿಯದ ಹಳ್ಳಿಯಲ್ಲಿದ್ದರು. ಮೊಸರು ಚೆನ್ನಾಗಿ ಮಾಡುತ್ತಿದ್ದರು.’ ತಿದ್ದಲು ನಾನು ಪೆನ್ನು ತೆಗೆದೆ. ತಿದ್ದುವಂಥದು ಏನೂ ಕಾಣಲಿಲ್ಲ. ತಲೆಗೆ ವಸ್ತ್ರ ಕಟ್ಟಿದ್ದ ಮುದುಕಿಯ ಭಾವಚಿತ್ರವನ್ನು ಮೇಲಿಟ್ಟು, ಮುಖ್ಯ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ, ಗೇಟಿಗೆ ಒಂದನ್ನೂ ಎದುರಿನ ಕಂಬಕ್ಕೆ ಒಂದನ್ನೂ ಅಂಟಿಸಿದಳು.

ಹತ್ತು ಗಂಟೆಯ ಹೊತ್ತಿಗೆ ಇಸ್ತ್ರಿಯವನು ಓಡುತ್ತ ಬಂದ. ‘ಅಜ್ಜಿ’ ಎಂಬ ಪದವನ್ನಷ್ಟೇ ದೂರದಿಂದ ಓದಿದ್ದನೆಂದು ತೋರುತ್ತದೆ. ಗೇಟಿನ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತವನಿಗೆ ಬಾಗಿಲು ತೆರೆದವರು ನಮ್ಮ ತಾಯಿಯವರೇ! ಪಾಪ, ಅವನಿಗೆ ಕುಡಿಯಲು ನೀರು ಕೊಡಬೇಕಾಯಿತು. ಹೀಗೆ ಮತ್ತೆ ನಾಲ್ಕಾರು ಮಂದಿ ಬಂದರು. ನಮ್ಮ ಮನೆಗೆಂದು ಬಂದವರು, ವಿಷಯ ತಿಳಿದ ಮೇಲೂ ಹಿಂತಿರುಗಲಿಲ್ಲ. ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ ಮಹಡಿಯ ಮೆಟ್ಟಿಲ ಮೇಲೆ ಕುಳಿತು, "ಎಷ್ಟು ವಯಸ್ಸಾಗಿತ್ತವ್ವ?" ಎಂದು ಕೇಳಿದಳು. ಎದುರು ಮನೆಯ ಮಲಯಾಳಿ ಶಿಕ್ಷಕಿ ಮೇಣದ ಬತ್ತಿ ತಂದರು. ಹುಡುಗಿ ಎಲ್ಲರಿಗೂ ಅದೇ ಮೂರು ವಾಕ್ಯಗಳನ್ನು ಹೇಳಿದಳು. ಐದನೆಯವರಿಗೆ ಹೇಳುವಾಗ ಅತ್ತಳು. ಅದುವರೆಗೆ ಅವಳು ಅತ್ತುದನ್ನು ನಾವಾರೂ ಕಂಡಿರಲಿಲ್ಲ.

ನಲವತ್ತನೆಯ ದಿನಕ್ಕೆ ಅವರಲ್ಲಿ ಗೋಧಿಯನ್ನು ಬೇಯಿಸಿ, ಸಕ್ಕರೆ ಮತ್ತು ಅಕ್ರೋಡು ಬೆರೆಸಿ ಹಂಚುವ ಪದ್ಧತಿ. ಏಪ್ರಿಲಿನಲ್ಲಿ ಆ ದಿನ ಬಂದಾಗ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಅಕ್ರೋಡು ತಂದಳು. ಕುಟ್ಟಿದ ಗೋಧಿ ನಮ್ಮ ಮನೆಯಲ್ಲಿಯೇ ಇತ್ತು. ಹುಗ್ಗಿಗೆ ಬೆಲ್ಲವೇ ಸರಿಯೆಂದು ತಾಯಿಯವರು, ಸಕ್ಕರೆಯೇ ಸರಿಯೆಂದು ಅವಳು. ಸತ್ತವರು ಅವಳ ಕಡೆಯವರಾದುದರಿಂದ ಸಕ್ಕರೆ ಗೆದ್ದಿತು. ಗೇಟಿಗೆ ಎರಡನೆಯ ಕಾಗದ ಅಂಟಿತು. ಹಂಚಲು ಹೊರಟವಳು ಅರ್ಧ ಗಂಟೆಯಲ್ಲಿ ಖಾಲಿ ಪಾತ್ರೆಯೊಡನೆ ಬಂದಳು. ಇಸ್ತ್ರಿಯವನು ಎರಡು ಸಲ ಹಾಕಿಸಿಕೊಂಡನಂತೆ.

ಆ ಹೊತ್ತಿಗೆ ಕೆರೆಯ ತಂತಿಗಳು ಬರಿದಾಗಿದ್ದುವು. ಕವಲುತೋಕೆಗಳು ಉತ್ತರಕ್ಕೆ ಹೊರಟುಹೋಗಿದ್ದುವು. ಸಂಜೆ ಅವಳು ಮಣಿಕಟ್ಟಿನ ದಾರವನ್ನು ಬಿಚ್ಚಿ, ಪಕ್ಕದ ಮನೆಯವರ ಅನುಮತಿ ಕೇಳಿ, ಕಾಯಿ ಬಿಟ್ಟಿದ್ದ ಮಾವಿನ ಕೊಂಬೆಗೆ ಕಟ್ಟಿದಳು. ಯಾವ ಹರಕೆಯೆಂದು ಅವರು ಕೇಳಿದರು. ಅವಳು ತಲೆಯಾಡಿಸಿದಳು, ಯಾವ ಊರಿನ ತಲೆಯೋ ತಿಳಿಯಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಅವಳು ಊರಿಗೆ ಹೊರಟಾಗ ಹೆಪ್ಪನ್ನು ಒಯ್ಯುವೆನೆಂದು ಹಟ ಹಿಡಿದಳು. ತಾಯಿಯವರು ಬಿಳಿಯ ಬಟ್ಟೆಯ ತುಂಡನ್ನು ಮೊಸರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಿ, ಮಡಿಸಿ ಕೊಟ್ಟರು. ಬೆಚ್ಚಗಿನ ಹಾಲಿಗೆ ಹಾಕಿದರೆ ಹೆಪ್ಪಾಗುತ್ತದೆ. ಆಯಿತೆಂದು ಜೂನಿನಲ್ಲಿ ಕಾಗದ ಬಂದಿತು.

2024ರ ಫೆಬ್ರವರಿಯಲ್ಲಿ ಕನ್ನಡದಲ್ಲಿಯೇ ವಿಳಾಸ ಬರೆದ ಲಕೋಟೆಯೊಂದು ತಾಯಿಯವರ ಹೆಸರಿಗೆ ಬಂದಿತು. ಒಳಗೆ ಕೆಂಪು ಬಿಳಿಯ ದಾರ. ಈ ಸಲ ಅವಳೇ ಹೊಸೆದುದು. ಹೊಸೆತ ಅಷ್ಟು ಬಿಗಿಯಾಗಿರಲಿಲ್ಲ. ಮಾರ್ಚ್ 1ರಂದು ಬೆಳಗ್ಗೆ ತಾಯಿಯವರು ಅದನ್ನು ಕಟ್ಟಿಸಿಕೊಂಡು, ಸೊಪ್ಪಿನ ಮೊರವನ್ನು ತೆಗೆದುಕೊಂಡು ಮಹಡಿಗೆ ಹೋದರು. ಹಿಂದಿನ ವರ್ಷ ತಾವೇ ಕೊಟ್ಟ ತೀರ್ಪನ್ನು ಮರೆತಿದ್ದರೋ, ತಮಗೆ ಮಾತ್ರ ಅದು ಅನ್ವಯಿಸದೆಂದು ಬಗೆದರೋ ಕಾಣೆ; ಎಂದೂ ಬೀದಿಯನ್ನು ನೋಡುತ್ತ ಕೂರುವವರು ಅಂದು ವಿದ್ಯುತ್ ತಂತಿಯ ಕಡೆಗೆ ಬೆನ್ನು ಮಾಡಿ ಕುಳಿತರು.