ಹಾದಿಯ ಧರ್ಮ

ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳಿಗೆ ಸಾಗುವ ರಸ್ತೆಗಳಲ್ಲಿ ಸೈಕಲ್ಲು ಬಡವನ ಕುದುರೆ. ದ್ರಾಕ್ಷಿ ತೋಟದ ಕೂಲಿಕಾರನು ಅದನ್ನೇ ನೆಚ್ಚಿದವನು. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ಲು ಕೊಡತೊಡಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಈ ಹಾದಿಗಿಳಿದರು.

ಆದರೆ ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳೂ ಹಾರ್ನಿನಿಂದಲೇ ಗದರಿಸುವ ಕಾರುಗಳೂ ಇವರನ್ನು ಡಾಂಬರಿನಿಂದ ಅಂಚಿನ ಎರೆಮಣ್ಣಿಗೆ ದೂಡುತ್ತವೆ. ಮೇಲೆ ಬೈಗುಳ ಬೇರೆ. ನಾನೂ ಎಷ್ಟೋ ಸಲ ಆ ಮಣ್ಣಿಗಿಳಿದವನು. ಮಳೆಗಾಲದಲ್ಲಿ ಅಲ್ಲಿ ಗಾಲಿ ಹೂತು ನಿಲ್ಲುತ್ತದೆ, ಬೆನ್ನ ಹಿಂದೆ ಲಾರಿ ಬರುತ್ತಿರುತ್ತದೆ.

ಇದು ಬಸವಣ್ಣನವರು ಜನಿಸಿದ ಜಿಲ್ಲೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದ ಮೇಲೆ, ಕಾಯಕಕ್ಕೆ ಒಯ್ಯುವ ವಾಹನದಲ್ಲಿ ಎಲ್ಲಿಯ ಮೇಲು ಕೀಳು? ಮಠದ ಜಾತ್ರೆಗೆ ಕಾರಿನಲ್ಲಿ ಬರುವ ಸದ್ಭಕ್ತರು ಅರೆಗಳಿಗೆ ವೇಗ ತಗ್ಗಿಸಿ, ಒಂದಾಳಿನಷ್ಟು ಅಂತರ ಬಿಟ್ಟು ಮುಂದೆ ಸಾಗಲಿ. ಅದೂ ದಾಸೋಹವೇ.