ನಾಲ್ಕನೇ ಗಂಟೆ

ಬೆಳಿಗ್ಗೆ ಹತ್ತು. ಕನ್ನಡ ಎಂ.ಎ. ಪರೀಕ್ಷೆ. ಉಳಿದವರೆಲ್ಲ ದೊಡ್ಡ ಹಾಲ್‌ನಲ್ಲಿದ್ದಾರೆ. ಈ ಸಣ್ಣ ಕೊಠಡಿಯಲ್ಲಿ ಇಬ್ಬರೇ ಹುಡುಗಿಯರು ಅಕ್ಕಪಕ್ಕ ಕೂತಿದ್ದಾರೆ. ಬಾಗಿಲ ಬಳಿ ಮೇಲ್ವಿಚಾರಕಿ, ಹಿಂದಿನ ಬೆಂಚಿನಲ್ಲಿ ನೀವು. ಪ್ರಶ್ನೆಪತ್ರಿಕೆ ಹಿಡಿದವಳು ಬಿ.ಕಾಂ. ವಿದ್ಯಾರ್ಥಿನಿ, ಪರೀಕ್ಷೆ ಅವಳದ್ದಲ್ಲ. ಪರೀಕ್ಷೆ ಯಾರದ್ದೋ ಅವಳು ಬಿಳಿ ಕೋಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಾಳೆ.

"ಅಕ್ಕಾ, ಮೊದಲನೇದು ಓದ್ಲಾ?"

"ಎಲ್ಲಾನೂ ಒಂದ್ಸಲ ಓದಿಬಿಡಮ್ಮ. ಯಾವುದು ಬರೀಬೇಕು ಅಂತ ಆಮೇಲೆ ಹೇಳ್ತೀನಿ."

ನೀವೂ ಕೇಳಿಸಿಕೊಳ್ಳಿ. ಐದನೇ ಪ್ರಶ್ನೆ ಮುಗಿಯುವಷ್ಟರಲ್ಲಿ ಎರಡನೆಯದು ನಿಮಗೆ ಮರೆತಿರುತ್ತದೆ. ಅವಳು ಮಾತ್ರ ಅಷ್ಟನ್ನೂ ತಲೆಯಲ್ಲಿಟ್ಟುಕೊಂಡು, ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಪ್ರಶ್ನೆಯಿಂದ ಶುರುಮಾಡುತ್ತಾಳೆ: ಕ್ಷಳ, ಕುಳ, ರಳಗಳನ್ನು ಉದಾಹರಣೆ ಕೊಟ್ಟು ವಿವರಿಸಿ.

"ರಳಕ್ಕೆ ಉದಾಹರಣೆ ಕೋೞಿ, ಬಾೞೆ ಅಂತ ಬರಿ. ಯಾವ ಅಕ್ಷರ ಹಾಕಿದೆ?"

"ನಮ್ಮ ಳ ಹಾಕಿದೀನಿ ಅಕ್ಕಾ."

"ಅದಲ್ಲ, ಹಳಗನ್ನಡದ ೞ. ಬೇರೆ ಅಕ್ಷರ."

"ಅಯ್ಯೋ, ನಾನು ನೋಡೇ ಇಲ್ವಲ್ಲ!"

ಅಭ್ಯರ್ಥಿ ಆಕೆಯ ಎಡಗೈ ಹುಡುಕಿ ಹಿಡಿದು, ಅಂಗೈ ಮೇಲೆ ಬೆರಳಿನಿಂದ ನಿಧಾನವಾಗಿ ೞ ಬರೆಯುತ್ತಾಳೆ. ಗೆಳತಿಯೊಬ್ಬಳು ಅವಳಿಗೂ ಹೀಗೆಯೇ ಕಲಿಸಿದ್ದು. ಹುಡುಗಿ ಕಾಗದದ ಮೇಲೆ ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಾಳೆ. ಸರಿಯಾಗಿದೆಯೇ? ಹೇಳಬಲ್ಲವರು ಈ ಕೊಠಡಿಯಲ್ಲಿ ಯಾರೂ ಇಲ್ಲ. ಮೇಲ್ವಿಚಾರಕಿ ರಸಾಯನಶಾಸ್ತ್ರದವರು. ಮೌಲ್ಯಮಾಪಕರು ನಾಳೆ ನೋಡುವುದು ಆ ಬರಹವನ್ನಷ್ಟೇ.

ಬಿ.ಕಾಂ. ಹುಡುಗಿಯೇ ಏಕೆ? ಅಭ್ಯರ್ಥಿ ತಾನೇ ಸ್ಕ್ರೈಬ್, ಅಂದರೆ ಉತ್ತರ ಬರೆದುಕೊಡುವವರನ್ನು, ಕರೆತಂದರೆ, ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ನಕಲು ನಡೆಯದಿರಲೆಂಬ ಎಚ್ಚರಿಕೆ, ಒಪ್ಪೋಣ. ಆದರೆ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತೂ ಇತ್ತು: ಬ್ರೈಲ್‌ನಲ್ಲೋ ಕಂಪ್ಯೂಟರಿನಲ್ಲೋ, ಸಾಧ್ಯವಾದ ಮಟ್ಟಿಗೆ ಅಭ್ಯರ್ಥಿಗೆ ಬೇಕಾದ ರೀತಿಯಲ್ಲಿ ಬರೆಯಲು ಬಿಡಬೇಕು. ಯೂನಿಕೋಡ್‌ನಲ್ಲಿ ೞ ಇದೆ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ. ಕಂಪ್ಯೂಟರ್ ಲ್ಯಾಬ್ ಇದೇ ಕಟ್ಟಡದಲ್ಲಿದೆ, ಇವತ್ತು ಅದಕ್ಕೆ ಬೀಗ.

ಅಭ್ಯರ್ಥಿ ಓದಿದ್ದಾದರೂ ಹೇಗೆ? ಮೇಷ್ಟ್ರು ಕೊಟ್ಟ ಟಿಪ್ಪಣಿಗಳೆಲ್ಲ ಹಳೆಯ ನುಡಿ ಫಾಂಟಿನವು. ಕಣ್ಣಿಗೆ ಚಂದದ ಕನ್ನಡ. ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ತಂತ್ರಾಂಶ ಆ ಚಿಹ್ನೆಗಳನ್ನೇ ಓದುತ್ತದೆ, ಒಂದು ಪದವೂ ಕನ್ನಡವಾಗಿ ಕೇಳುವುದಿಲ್ಲ. ಸಹಪಾಠಿಗಳು ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟರು. ಯೂನಿಕೋಡ್‌ಗೆ ಪರಿವರ್ತಿಸಲು ಕೆಲವು ನಿಮಿಷ ಸಾಕಿತ್ತು. ಇಡೀ ಸೆಮಿಸ್ಟರ್ ಯಾರೂ ಆ ನಿಮಿಷಗಳನ್ನು ಕೊಡಲಿಲ್ಲವೆಂಬುದು ನನಗೆ ಸ್ಕ್ರೈಬ್ ನಿಯಮದ ಆ ಮೆಟ್ಟಿಲಿಗಿಂತ ದೊಡ್ಡ ತಡೆಯಾಗಿ ಕಾಣುತ್ತದೆ.

ಒಂದು ಗಂಟೆ. ಬೆಲ್ ಆಗುತ್ತದೆ. ದೊಡ್ಡ ಹಾಲ್ ಖಾಲಿಯಾಗಿ ಕಾರಿಡಾರಿನ ತುಂಬ ಗದ್ದಲ: ಯಾವ ಪ್ರಶ್ನೆಗೆ ಏನು ಬರೆದೆ, ಊಟಕ್ಕೆ ಎಲ್ಲಿಗೆ. ಆ ಸದ್ದಿನ ನಡುವೆ ಅವಳ ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ. "ಎಲ್ಲಿಗೆ ನಿಲ್ಸಿದ್ದೆ? ಓದು." ಹುಡುಗಿಯೂ ದಣಿದಿದ್ದಾಳೆ, ಬೆರಳು ಮಡಚಿ ಬಿಡಿಸಿ ಓದುತ್ತಾಳೆ.

ಅಟೆಂಡರ್ ಬೀಗದ ಕೈ ಹಿಡಿದು ಇಣುಕುತ್ತಾರೆ. "ಇನ್ನೂ ಮುಗೀಲಿಲ್ವಾ ಮೇಡಂ?"

"ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿಗೆ ಇದೆಯಪ್ಪ. ಎರಡರವರೆಗೂ ಇವರ ಟೈಮೇ."

ಮೇಲ್ವಿಚಾರಕಿ ಎದ್ದು ಬಾಗಿಲು ಮುಚ್ಚುತ್ತಾರೆ. ಅವರಿಗೆ ನಿಯಮ ಗೊತ್ತಿತ್ತು, ಸದ್ಯ! ಹೆಚ್ಚುವರಿ ಸಮಯವನ್ನೂ ಸ್ಕ್ರೈಬನ್ನೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೆಸರಿಸಿದೆ. ಯಾರ ಉಪಕಾರವೂ ಅಲ್ಲ.

ಎರಡಕ್ಕೆ ಉತ್ತರಪತ್ರಿಕೆ ಕೊಟ್ಟು ಇಬ್ಬರೂ ಹೊರಬರುತ್ತಾರೆ. ಹುಡುಗಿ ನೀರು ತರಲು ಹೋದಾಗ ಅಭ್ಯರ್ಥಿ ಮೊಬೈಲ್ ತೆಗೆದು, ತಾನೇ ಟೈಪ್ ಮಾಡತೊಡಗುತ್ತಾಳೆ. ಪ್ರತಿ ಅಕ್ಷರವನ್ನೂ ಫೋನು ಉಚ್ಚರಿಸುತ್ತದೆ, ನಿಮಗೂ ಕೇಳುತ್ತದೆ. ಮೌಲ್ಯಮಾಪನ ಕುಲಸಚಿವರಿಗೆ ಮನವಿ: ಮುಂದಿನ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ, ಲ್ಯಾಬ್ ತೆರೆಸಿಕೊಡಿ.